ಮಾದಪ್ಪನ ದಾರಿಯಲ್ಲಿ ಒಂದು ನೇರಳೆ ಟೋಪಿ

ಸಿದ್ದರಾಜುವಿನ ಸುದ್ದಿ ನಾನು ಮೊದಲು ಕೇಳಿದ್ದು ಹನಗೋಡಿನಲ್ಲಿ, ನನ್ನ ತಂಗಿ ಚಿಕ್ಕಬೀರಮ್ಮನ ಅಡಿಗೆಮನೆಯಲ್ಲಿ. ಶಿವರಾತ್ರಿಗೆ ಇನ್ನೂ ವಾರದ ಮೇಲಿತ್ತು. ಮಾರನೆಯ ಬೆಳಿಗ್ಗೆ ನಾವು ಮಾದಪ್ಪನ ಬೆಟ್ಟಕ್ಕೆ ನಡಿಗೆ ಹೊರಡಬೇಕು. ತಂಗಿ ದಾರಿಗೆಂದು ಅಕ್ಕಿರೊಟ್ಟಿ ತಟ್ಟುತ್ತಿದ್ದಳು, ನಾನು ಹುಚ್ಚೆಳ್ಳಿನ ಚಟ್ನಿಪುಡಿ ಕುಟ್ಟುತ್ತಿದ್ದೆ.

ಈ ನಡಿಗೆ ನನ್ನ ಯಜಮಾನರು ಮಹದೇವಯ್ಯನವರದು. ಅವರು ಇರುವ ತನಕ ಒಂದು ವರ್ಷವೂ ತಪ್ಪಿಸಲಿಲ್ಲ. ಅವರು ಹೋದ ಮೇಲೆ ಅವರ ಪಾಲಿನದನ್ನು ನಾನು ನಡೆಯುತ್ತಿದ್ದೆ. ನಮ್ಮ ಹೊಸ ಅಗ್ರಹಾರದಿಂದ ಬಸ್ಸು ಹತ್ತಿ ಕೆ.ಆರ್. ನಗರ, ಹುಣಸೂರು ದಾಟಿ ತಂಗಿಯ ಮನೆ ಸೇರಿಕೊಂಡರೆ, ಅಲ್ಲಿಂದ ಮುಂದೆ ಅವರ ಊರಿನ ತಂಡದ ಜೊತೆ ಬರಿಗಾಲು.

"ಅಕ್ಕಯ್ಯ, ಈ ಸಲ ನಮ್ ಜೊತೆ ಟೋಪಿ ಹೆಣಿಯೋ ಗಂಡ್ಸು ಒಬ್ಬ ಬತ್ತಾವ್ನೆ ಕಣೆ," ಅಂದಳು ಚಿಕ್ಕಬೀರಮ್ಮ.

"ಟೋಪಿಯಾ? ಬಿದ್ರು ಮಂಕರಿ ಅನ್ನು."

"ಮಂಕರಿ ಅಲ್ಲ ಕಣೆ, ಉಣ್ಣೆ ಟೋಪಿ. ಎರಡು ಕಡ್ಡಿ ಇಟ್ಕೊಂಡು, ಬಸುರಿ ಹೆಂಗಸ್ರು ಕೂಸಿಗೆ ಹೆಣೀತಾರಲ್ಲ ಅಂಗೆ. ಗುರುಪುರದ ಟಿಬೆಟ್ ಕ್ಯಾಂಪ್ ಪಕ್ಕದ ಊರೋನು. ಸಿದ್ದರಾಜು ಅಂತ. ಎಲ್ರೂ ಲಾಮಾ ಸಿದ್ದ ಅಂತಾರೆ."

"ಈ ಬಿಸ್ಲಲ್ಲಿ ಉಣ್ಣೆ ಟೋಪಿ ಯಾರಿಗಂತೆ?"

"ಮಾದಪ್ಪನ ಹುಲಿಗಿರ್ಬೇಕು!"

ಇಬ್ಬರೂ ನಕ್ಕೆವು. ನಗುವ ಭರಕ್ಕೆ ಮೆಣಸಿನ ಘಾಟು ನನ್ನ ಮೂಗಿಗೇರಿ, ಸೀನಿ ಸೀನಿ ಕಣ್ಣಲ್ಲಿ ನೀರು ಬಂತು. ಆ ಮಾತು ಅಡಿಗೆಮನೆಯಲ್ಲೇ ಉಳಿಯಲಿಲ್ಲ. ಬೆಳಿಗ್ಗೆ ಊರ ಮುಂದೆ ಸೇರುವ ಹೊತ್ತಿಗೆ ತಂಡದ ಬಾಯಲ್ಲೆಲ್ಲ ಅದೇ ಇತ್ತು.

ಬೆಳಿಗ್ಗೆ ನೋಡಿದೆ. ನಲವತ್ತರ ಹತ್ತಿರದ, ಸಣಕಲು ಮೈಯ ಮನುಷ್ಯ. ಕತ್ತಿಗೆ ಹಳದಿ ಟವೆಲು, ಅಂಗಿಗೆ ಎರಡು ದೊಡ್ಡ ಜೇಬು, ಹೊಟ್ಟೆಯ ಮುಂದೆ ಒಂದು ಬಟ್ಟೆಚೀಲ. ಎಲ್ಲರೂ ಕೈ ಬೀಸಿಕೊಂಡು ನಡೆದರೆ ಇವನು ಎರಡೂ ಕೈಯನ್ನು ಚೀಲದೊಳಗೆ ಹಾಕಿಕೊಂಡು ನಡೆಯುತ್ತಿದ್ದ. ಒಳಗೆ ಇಲಿ ಸೇರಿಕೊಂಡ ಹಾಗೆ ಚೀಲ ಅಲುಗುತ್ತಿತ್ತು. ಹೆಣಿಗೆ ಯಾರ ಕಣ್ಣಿಗೂ ಬೀಳಬಾರದೆಂದು ಚೀಲದೊಳಗೇ ಹೆಣೆಯುತ್ತಿದ್ದನಂತೆ.

ನಮ್ಮ ಜೊತೆ ಗೌರೀಶ ಅಂತ ಒಬ್ಬ ಇದ್ದ. ಮೂವತ್ತು ದಾಟಿದವನಾದರೂ ಬಾಯಿ ಮಾತ್ರ ಹುಡುಗರದು.

"ಲೋ ಲಾಮಾ, ಚೀಲದಾಗೆ ಏನ್ಲಾ ಅದು? ಕೋಳಿ ಕಾವಿಗ್ ಕೂರ್ಸಿದ್ದೀಯಾ?"

ಸಿದ್ದರಾಜು ತಲೆ ತಗ್ಗಿಸಿದ.

"ತೋರ್ಸ್ಲಾ, ಮರಿ ಆದ್ವಾ ನೋಡಾನ."

ಹೆಂಗಸರೆಲ್ಲ ಕಿಸಕ್ಕೆಂದರು. ತಂಡದ ಯಜಮಾನ ನಂಜುಂಡಸ್ವಾಮಿ ಮಾತ್ರ ನಗಲಿಲ್ಲ. ಅವರು ಕಟ್ಟುನಿಟ್ಟಿನವರು. ಮಾದಪ್ಪನ ಪಟ ಇದ್ದ ಅಡ್ಡೆಯನ್ನು ಹೆಗಲಿಂದ ಇಳಿಸದೆಯೇ ಹೇಳಿದರು: "ಸಿದ್ದರಾಜು, ದೇವರ ದಾರೀಲಿ ಕೈಗೆ ಕೆಲ್ಸ ಇಟ್ಕೊಂಡು ನಡೆಯೋ ಪದ್ಧತಿ ಇಲ್ಲ ಕಣಪ್ಪ. ಮಾಡ್ಲೇಬೇಕು ಅಂದ್ರೆ ಹಿಂದ್ಗಡೆ ನಡಿ. ದೇವ್ರ ಮುಂದೆ ಬ್ಯಾಡ."

ಅವನು "ಆಯ್ತು ಸ್ವಾಮಿ" ಅಂದು, ಎಲ್ಲರೂ ಮುಂದೆ ಹೋಗುವ ತನಕ ರಸ್ತೆಯ ಪಕ್ಕ ನಿಂತ. ಎಲ್ಲರಿಗಿಂತ ಹಿಂದೆ ನಡೆಯುವವಳು ನಾನು. ನನ್ನ ಮಂಡಿ ಆಗಲೇ ಸವೆದಿತ್ತು. ಹಾಗಾಗಿ ಅವನು ನನ್ನ ಪಾಲಿಗೆ ಬಂದ.

ಎಚ್.ಡಿ. ಕೋಟೆ ಸೇರುವ ತನಕ ಅವನು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ನಾನೂ ಕೇಳಲಿಲ್ಲ. ಮುಂದಿನವರು "ಉಘೇ ಮಾದಪ್ಪ" ಎಂದಾಗ ಇಬ್ಬರೂ "ಉಘೇ" ಅನ್ನುತ್ತಿದ್ದೆವು, ಅಷ್ಟೇ. ಕೋಟೆ ದಾಟಿ ಸರಗೂರಿನ ಕಡೆ ತಿರುಗಿದ ಮೇಲೆ ಒಂದು ಇಳಿಜಾರಿನಲ್ಲಿ ಅವನ ಜೇಬಿನಿಂದ ಉಣ್ಣೆಯ ಉಂಡೆ ಜಾರಿ, ಡಾಂಬರಿನ ಮೇಲೆ ಉರುಳಿಕೊಂಡು ನನ್ನ ಕಾಲ ಹತ್ತಿರ ಬಂತು. ನೇರಳೆಹಣ್ಣಿನ ಬಣ್ಣ. ನಾನು ಬಗ್ಗಿ ಎತ್ತಿ, ಅಂಟಿದ ಹುಲ್ಲುಕಡ್ಡಿ ತೆಗೆದು, ದಾರ ಸುತ್ತುತ್ತಾ ಸುತ್ತುತ್ತಾ ಅವನ ಹತ್ತಿರ ಹೋದೆ. ದಾರದ ಇನ್ನೊಂದು ತುದಿ ಚೀಲದೊಳಗಿತ್ತು. ಅವನ ಮುಖ ಕೆಂಡದ ಹಾಗೆ ಆಗಿತ್ತು.

"ತಪ್ಪು ತಿಳ್ಕೋಬೇಡಿ ಅವ್ವ," ಅಂದ. "ಮಗಳಿಗೆ ಮಾತು ಕೊಟ್ಬುಟ್ಟಿವ್ನಿ. ಇಲ್ದಿದ್ರೆ ದೇವ್ರ ದಾರೀಲಿ ಇದನ್ನ ಮುಟ್ತಿರ್ಲಿಲ್ಲ."

"ಏನ್ ಮಾತಪ್ಪ?"

ಆಗ ಹೇಳಿದ. ಹೇಳಿದ್ದು ಒಂದೇ ಸಲವಲ್ಲ. ಸರಗೂರು ದಾಟಿ, ಹುಲ್ಲಹಳ್ಳಿ ದಾಟಿ, ನಂಜನಗೂಡು ಸೇರುವ ತನಕ ತುಂಡು ತುಂಡಾಗಿ ಹೇಳಿದ.

ಅವನ ಮಗಳು ಚಿನ್ನು ಎಂಟನೇ ಕ್ಲಾಸು. ಅವಳು ಅಂಗನವಾಡಿಗೆ ಹೋಗುವ ವಯಸ್ಸಿನಲ್ಲಿ ಡೆಂಗಿ ಜ್ವರ ಬಂದು, ಮೈಸೂರಿನ ಆಸ್ಪತ್ರೆಯಲ್ಲಿ ಉಳಿಯುವುದಿಲ್ಲ ಅಂದುಬಿಟ್ಟಿದ್ದರಂತೆ. ಆಗ ಸಿದ್ದರಾಜುವಿನ ತಾಯಿ ಆಸ್ಪತ್ರೆಯ ಗೇಟಿನಲ್ಲಿ ನಿಂತು, ಮಗು ಎದ್ದು ಬಂದರೆ ಅದರ ತಲೆಗೂದಲು ಪೂರ್ತಿ ಮಾದಪ್ಪನಿಗೆ ಅಂದಳು. ಮಗು ಎದ್ದು ಬಂತು. ಮುಡಿ ಕೊಡುವುದು ಈ ವರ್ಷ, ಮುಂದಿನ ವರ್ಷ ಅಂತ ತಳ್ಳಿಕೊಂಡು ಬಂದರು. ತಾಯಿ ಸತ್ತಳು. ಮಗುವಿನ ಕೂದಲು ಮಾತ್ರ ಸೊಂಟ ಮುಟ್ಟಿತು. ಹೋದ ವರ್ಷ ಚಿನ್ನುವಿಗೆ ಮತ್ತೆ ಜ್ವರ ಬಂದಾಗ ಅವನ ಹೆಂಡತಿ ಪ್ರಿಯಾ ಹಟ ಹಿಡಿದಳು. ಇನ್ನು ತಳ್ಳಬಾರದು, ಈ ಶಿವರಾತ್ರಿಗೆ ಮುಡಿ ಆಗಲೇಬೇಕು ಅಂತ.

"ಹುಡುಗಿ ಒಪ್ಪಿದ್ಲಾ?" ಅಂದೆ.

"ಎಲ್ಲಿ ಅವ್ವ. ಒಂದು ವಾರ ಅನ್ನ ಮುಟ್ಲಿಲ್ಲ. ಬೋಳು ತಲೇಲಿ ಸ್ಕೂಲಿಗೆ ಓದ್ರೆ ಬದುಕಿದ್ದೂ ಸತ್ತಂಗೆ ಅಂದ್ಲು. ಗಂಡುಡುಗ್ರು ತಲೆ ಮೇಲೆ ಮೊಟಕ್ತಾರಂತೆ."

"ಒಂದೆರಡು ಎಳೆ ಕತ್ತರಿಸಿ ಹುಂಡಿಗ್ ಹಾಕುದ್ರೆ ಆಗ್ತಿತ್ತಲ್ಲಪ್ಪ. ಎಷ್ಟೋ ಜನ ಹೆಣ್ಮಕ್ಕಳಿಗೆ ಅಂಗೇ ಮಾಡ್ತಾರೆ."

"ನಮ್ಮವ್ವ ಪೂರ್ತಿ ಅಂದ್ಬುಟ್ಟಿದ್ಲಲ್ಲ. ಸತ್ತೋರ ಮಾತು." ಜೇಬಿನಿಂದ ಇನ್ನಷ್ಟು ದಾರ ಎಳೆದುಕೊಂಡ. "ಅದ್ಕೆ ನಾನು, ಕ್ಯಾಂಪಿನ ಹುಡುಗೀರು ಹಾಕ್ಕೋತಾರಲ್ಲ ಎರಡು ಬಣ್ಣದ್ದು, ಅಂಥ ಟೋಪಿ ನಾನೇ ಹೆಣೆದು ಕೊಡ್ತೀನಿ ಕಣವ್ವ ಅಂದೆ. ಕೂದಲು ಬರೋಗಂಟ ಹಾಕ್ಕೊ, ಎಲ್ರೂ ಟೋಪೀನೇ ನೋಡ್ತಾರೆ, ತಲೆ ಯಾರೂ ನೋಡಲ್ಲ ಅಂದೆ. ಅವಳು ಎರಡು ಮಾತು ಕೇಳಿದ್ಲು. ನೇರಳೆಗೆ ಬಿಳೀ ನಕ್ಷತ್ರ ಬರ್ಬೇಕು, ಮುಡಿ ಆದ ತಕ್ಷಣ ತಲೆ ಮೇಲಿರ್ಬೇಕು. ಒಂದು ಗಳಿಗೇನೂ ಬರೀ ತಲೇಲಿ ನಿಲ್ಲಲ್ಲ ಅಂದ್ಲು. ನಾನು ಹೂಂ ಅಂದೆ."

ಅವನ ಮಾತು ಅದು. ತಾಯಿ ಮಗಳು ಶಿವರಾತ್ರಿಯ ಹಿಂದಿನ ದಿನ ಬಸ್ಸಿನಲ್ಲಿ ಬೆಟ್ಟಕ್ಕೆ ಬರುತ್ತಾರೆ. ಅಷ್ಟರೊಳಗೆ ಟೋಪಿ ಮುಗಿಯಬೇಕು.

"ಮನೇಲೇ ಮುಗಿಸ್ಕೊಂಡು ಬರಬಾರದಾಗಿತ್ತಾ?" ಅಂದೆ.

ಉಣ್ಣೆ ಸಿಕ್ಕಿದ್ದೇ ಹೊರಡುವ ಹಿಂದಿನ ದಿನವಂತೆ. ಅವನಿಗೆ ಹೆಣಿಗೆ ಕಲಿಸಿದ ಟಿಬೆಟ್ಟಿನ ಮುದುಕಿ ಚಳಿಗಾಲವೆಲ್ಲ ಸ್ವೆಟರ್ ಮಾರಲು ದೂರದ ಊರಿಗೆ ಹೋಗುತ್ತಾಳೆ. ಅವರ ಹೊಸ ವರ್ಷದ ಹೊತ್ತಿಗೆ ತಿರುಗಿ ಬರುತ್ತಾಳೆ. ಉಣ್ಣೆಗೆಂದು ಅವಳನ್ನೇ ಕಾದು ಕೂತಿದ್ದ. "ಹುಣಸೂರು ಅಂಗಡೀಲಿ ಉಣ್ಣೆ ಇಲ್ವಾ ಅಂತೀರಿ. ಅದೆ. ಗಂಡ್ಸು ಓಗಿ ಉಣ್ಣೆ ಕೊಡಿ, ಕಡ್ಡಿ ಕೊಡಿ ಅಂದ್ರೆ ಅಂಗಡೀಲಿ ಇರೋರೆಲ್ಲ ತಿರುಗಿ ನೋಡ್ತಾರೆ ಅವ್ವ."

ಆ ಮುದುಕಿಯ ಹೆಸರು ಪೆಮಾ. ಇವನು ಅಮಲಾ ಅನ್ನುತ್ತಿದ್ದ. ಅವರ ಮಾತಿನಲ್ಲಿ ಅವ್ವನಿಗೆ ಹಾಗೆ ಅನ್ನುತ್ತಾರಂತೆ. ಇವನ ತಾಯಿ ಕ್ಯಾಂಪಿನವರ ಮುಸುಕಿನ ಜೋಳದ ಹೊಲದಲ್ಲಿ ಕಳೆ ಕೀಳಲು ಹೋಗುವಾಗ, ಇನ್ನೂ ಮಗುವಾಗಿದ್ದ ಇವನನ್ನು ಪೆಮಾ ಮನೆಯ ಜಗುಲಿಯಲ್ಲಿ ಬಿಟ್ಟು ಹೋಗುತ್ತಿದ್ದಳು. ಮಗು ಬೀದಿಗೆ ಓಡದಿರಲಿ ಎಂದು ಆಕೆ ಅವನ ಕೈಗೆ ಕಡ್ಡಿ, ದಾರ ಕೊಟ್ಟಳು. ಅವನ ಕೈಗೆ ಅದು ಹತ್ತಿತು. ಹತ್ತು ವರ್ಷಕ್ಕೇ ಎರಡು ಬಣ್ಣದಲ್ಲಿ ಹೆಣೆಯುತ್ತಿದ್ದನಂತೆ. ಅಪ್ಪನಿಗೆಂದು ಒಂದು ಮಫ್ಲರ್ ಹೆಣೆದು ತಂದುಕೊಟ್ಟ. ಅಪ್ಪ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಕೊಟ್ಟಿಗೆಗೆ ಹೋಗಿ, ನಾಲ್ಕು ಜನ ನೋಡುತ್ತಿರುವಾಗಲೇ ಅದರಿಂದ ಎತ್ತಿನ ಮೈ ಉಜ್ಜಿದನಂತೆ.

"ಆವತ್ತಿಂದ ಯಾರ ಮುಂದೇನೂ ಕಡ್ಡಿ ಹಿಡ್ದಿಲ್ಲ ಅವ್ವ," ಅಂದ. "ಹೊಗೆಸೊಪ್ಪು ಬೇಯಿಸೋ ಬ್ಯಾರನ್ ಕೆಲಸಕ್ಕೆ ಓಯ್ತೀನಲ್ಲ, ಅಲ್ಲಿ ಒಲೆ ಕಾಯೋಕೆ ಒಬ್ನೇ ಇರ್ತೀನಿ. ಆಗ ಹೆಣೀತೀನಿ. ಹೆಣೆದು, ಬಿಚ್ಚಿ, ಮತ್ತೆ ಹೆಣೀತೀನಿ. ಮನೇಗ್ ತಂದಿಲ್ಲ. ನನ್ ಹೆಂಡ್ತೀಗೇ ಎಷ್ಟೋ ವರ್ಷ ಗೊತ್ತಿರ್ಲಿಲ್ಲ. ಆಮೇಲ್ ಹೆಂಗೋ ಊರಿಗೆಲ್ಲ ಗೊತ್ತಾಯ್ತು."

ಬ್ಯಾರನ್‌ನಲ್ಲಿ ಸೊಪ್ಪನ್ನು ಕಡ್ಡಿಗೆ ಕಟ್ಟುವುದು ಹೆಂಗಸರ ಕೆಲಸ. ಇವನ ಕೈ ಅದರಲ್ಲೂ ಬಲು ಚುರುಕಂತೆ. ಅದಕ್ಕೂ ನಗುತ್ತಿದ್ದರಂತೆ. ಅವನ ಬೆರಳಿನ ಗೆರೆಗಳಲ್ಲಿ ಸೊಪ್ಪಿನ ಕಪ್ಪು ಅಂಟು ಕೂತಿತ್ತು, ತೊಳೆದರೂ ಹೋಗದ್ದು. ಆ ಕಪ್ಪು ಬಿಳಿ ದಾರಕ್ಕೆ ಹತ್ತಬಾರದೆಂದು ನಿಂತ ಕಡೆಯೆಲ್ಲ ನಿಂಬೆಹಣ್ಣಿನ ಹೋಳಿನಲ್ಲಿ ಬೆರಳು ಉಜ್ಜಿಕೊಳ್ಳುತ್ತಿದ್ದ.

ನಂಜನಗೂಡು ದಾಟಿದ ಮೇಲೆ ನನ್ನ ಹತ್ತಿರ ಚೀಲದಿಂದ ಕೈ ಹೊರಗೆ ತೆಗೆದ. ಮುಂದಿನವರಿಗೆ ಕಾಣದ ಹಾಗೆ ನನ್ನ ಪಕ್ಕ ಒತ್ತಿಕೊಂಡೇ ನಡೆಯುತ್ತಿದ್ದ. ನಾನು ಬಗ್ಗಿ ನೋಡಿದೆ. ಎರಡು ಗಿಡ್ಡ ಕಡ್ಡಿ, ನಡುವೆ ವೈರಿನ ಹಾಗೆ ಬಾಗುವ ದಾರ, ಅದರ ಸುತ್ತ ಬಳೆಯ ಹಾಗೆ ಟೋಪಿ ಬೆಳೆಯುತ್ತಿತ್ತು. ನೇರಳೆ ಉಂಡೆ ಎಡ ಜೇಬಿನಲ್ಲಿ, ಬಿಳಿ ಉಂಡೆ ಬಲ ಜೇಬಿನಲ್ಲಿ. ಒಂದು ಬಣ್ಣ ಎಡಗೈ ಬೆರಳಿಗೆ, ಇನ್ನೊಂದು ಬಲಗೈ ಬೆರಳಿಗೆ. ಬಿಳಿ ಬೇಕಾದ ಕಡೆ ಬಿಳಿ ಬರುತ್ತಿತ್ತು. ಬೇಡವಾದ ಬಣ್ಣ ಟೋಪಿಯ ಹಿಂದೆ ಸುಮ್ಮನೆ ಹಾದು ಹೋಗುತ್ತಿತ್ತು. ಮುಂದೆ ನೋಡಿದರೆ ರಂಗೋಲಿ ಇಟ್ಟ ಹಾಗೆ ನಕ್ಷತ್ರ. ಒಳಗೆ ತಿರುಗಿಸಿದರೆ ಬರೀ ಅಡ್ಡಡ್ಡ ಎಳೆ.

"ಹಿಂದ್ಗಡೆ ಎಳೆ ಬಿಗಿ ಎಳೀಬಾರ್ದು," ಅಂದ. "ಎಳೆದ್ರೆ ಟೋಪಿ ಮುದುರ್ಕೊತದೆ, ತಲೆಗ್ ಇಳಿಯಲ್ಲ. ಅಮಲಾ ಬೈಯೋಳು, ನಿನ್ ಮನಸ್ಸು ಬಿಗಿ ಇದ್ರೆ ದಾರಾನೂ ಬಿಗಿ ಅಂತ."

ಗೌರೀಶನಿಗೆ ಈ ಎರಡು ಜೇಬಿನ ಗುಟ್ಟು ಹೇಗೋ ತಿಳಿದುಹೋಯಿತು. ಬೇಕೆಂದೇ ಹಿಂದೆ ಉಳಿದು "ಲೋ ಲಾಮಾ!" ಅಂತ ಕೂಗುವನು. ಇವನು ಗಕ್ಕನೆ ಆ ಕಡೆ ತಿರುಗಿದರೆ ಎರಡು ಜೇಬಿನ ದಾರ ಒಂದಕ್ಕೊಂದು ಸುತ್ತಿಕೊಳ್ಳುವುದು. ಬಿಡಿಸುತ್ತಾ ರಸ್ತೆಯಲ್ಲಿ ನಿಂತವನನ್ನು ನೋಡಿ ಅವರು ನಗುವರು. ಕೊನೆಗೆ ಇವನು ಯಾರು ಕರೆದರೂ ತಿರುಗುವುದನ್ನೇ ಬಿಟ್ಟ. ಮಜ್ಜಿಗೆ ಕೊಡುವ ಪುಣ್ಯಾತ್ಮರು ಕರೆದರೂ ತಿರುಗಲಿಲ್ಲ. ಅವನ ಲೋಟ ನಾನೇ ತಂದುಕೊಡುತ್ತಿದ್ದೆ.

ಅವನ ಬಲ ಮಣಿಕಟ್ಟಿನಲ್ಲಿ ಹರಕೆಯ ಅರಿಶಿನದ ದಾರದ ಜೊತೆ ಇನ್ನೊಂದು ಬಿಳಿ ನೂಲು ಸುತ್ತಿತ್ತು.

"ಇದೇನು?"

"ಚಿನ್ನು ತಲೆ ಅಳತೆ. ಸ್ಕೂಲಿಂದ ಬಂದೋಳನ್ನ ಬಾಗ್ಲಲ್ಲೇ ನಿಲ್ಲಿಸಿ, ಸುತ್ತ ದಾರ ಇಟ್ಟು ಗಂಟು ಹಾಕಿವ್ನಿ." ನಿಂತ ಕಡೆಯೆಲ್ಲ ಅದನ್ನು ಬಿಚ್ಚಿ ಟೋಪಿಯ ಬಾಯಿಗೆ ಹಿಡಿದು ನೋಡುತ್ತಿದ್ದ. ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ನಾನೂ ಎಷ್ಟು ಸಲ ತುದಿ ಹಿಡಿದುಕೊಟ್ಟಿದ್ದೇನೆ.

ಯಳಂದೂರಿನ ಹತ್ತಿರ ಒಂದು ಶಾಲೆಯಲ್ಲಿ ತಂಗಿದ್ದೆವು. ಗಂಡಸರು ಸ್ನಾನಕ್ಕೆ ಹೋಗಿದ್ದಾಗ ಅವನು, "ಅವ್ವ, ಒಂದ್ಸಲ ನೀವು ಹಾಕ್ಕೊಂಡು ತೋರ್ಸಿ," ಅಂದ. ನಾನು ನಾಚಿಕೊಂಡೇ ನನ್ನ ತುರುಬಿನ ಮೇಲೆ ಎಳೆದುಕೊಂಡೆ. ಅಚ್ಚು ಹಾಕಿದ ಹಾಗೆ ಕೂತಿತು. ಚಿಕ್ಕಬೀರಮ್ಮ ಬಾಯಿಗೆ ಸೆರಗು ಇಟ್ಟುಕೊಂಡು, "ಅಕ್ಕಯ್ಯ, ಒಂದು ಫೋಟೋ ತೆಗಿಸ್ಕೊ, ಮದ್ವೆ ಮಾಡ್ಬುಡಾನ," ಅಂದಳು. ಆದರೂ ಹತ್ತಿರ ಬಂದು ನಕ್ಷತ್ರವನ್ನು ಬೆರಳಲ್ಲಿ ಮುಟ್ಟಿದಳು. "ಚೆಂದ ಮಾಡಿದ್ದೀಯ ಕಣಪ್ಪ," ಅಂದಳು. ಆವತ್ತು ಸಿದ್ದರಾಜು ಮೊದಲ ಸಲ ತಲೆ ಎತ್ತಿ ನಕ್ಕಿದ್ದು.

ಹನೂರು ದಾಟಿದ ಮೇಲೆ ಬಿಸಿಲು ಅಂಗಾಲನ್ನು ಬೇಯಿಸಿತು. ಬೊಬ್ಬೆ ಒಡೆದು ನಾನು ಹರಳೆಣ್ಣೆ ಹಚ್ಚಿಕೊಂಡು ಕುಂಟಿದೆ. ಅವನ ಕಾಲೂ ಹಾಗೇ ಆಗಿತ್ತು, ಅವನಿಗೆ ಅದರ ಕಡೆ ಲಕ್ಷ್ಯವಿಲ್ಲ. ಕೌದಳ್ಳಿಯಲ್ಲಿ ಟೋಪಿಯ ನೆತ್ತಿ ಕಿರಿದಾಗುತ್ತಾ ಬಂತು. ತಾಳಬೆಟ್ಟದಲ್ಲಿ ಎಲ್ಲರೂ ಕಾಯಿ ಒಡೆಯುತ್ತಿರುವಾಗ ಇವನು ಒಂದು ಬಂಡೆಯ ಮರೆಯಲ್ಲಿ ಕೂತು ಕೊನೆಯ ಕುಣಿಕೆಗಳನ್ನೆಲ್ಲ ಒಂದೇ ದಾರಕ್ಕೆ ಪೋಣಿಸಿ, ಎಳೆದು, ಗಂಟು ಹಾಕಿದ. ಮಿಕ್ಕಿದ ಬಿಳಿಯಲ್ಲಿ ಒಂದು ಕುಚ್ಚು ಕಟ್ಟಿ ನೆತ್ತಿಗೆ ಹೊಲಿದ.

"ಮುಗೀತು ಅವ್ವ." ಎರಡು ಕೈಯಲ್ಲಿ ಹಿಡಿದುಕೊಂಡು ಮಾದಪ್ಪನ ಬೆಟ್ಟದ ಕಡೆ ತೋರಿಸಿದ. ಆ ಏರನ್ನು ಅವನು ಕೈ ಬೀಸಿಕೊಂಡು ಹತ್ತಿದ. ನಂಜುಂಡಸ್ವಾಮಿ ಅಡ್ಡೆಗೆ ಹೆಗಲು ಕೊಡು ಅಂದಾಗ ಮುಂದೆ ಹೋಗಿ ಹೆಗಲೂ ಕೊಟ್ಟ.

ಬೆಟ್ಟದ ಮೇಲೆ ಜನವೋ ಜನ. ಪ್ರಿಯಾ ಮತ್ತು ಚಿನ್ನು ಬಸ್ ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದರು. ಹುಡುಗಿ ಉದ್ದನೆಯವಳು, ಅಪ್ಪನ ಹಾಗೇ ಸಣಕಲು. ಎರಡು ದಪ್ಪ ಜಡೆ ಮಡಿಚಿ, ಕೆಂಪು ರಿಬ್ಬನ್ನಿನಲ್ಲಿ ಕಿವಿಯ ಮೇಲೆ ಎತ್ತಿ ಕಟ್ಟಿದ್ದಳು. ಬಂದವಳೇ ಕೇಳಿದ್ದು, "ಅಪ್ಪ, ಆಯ್ತಾ?"

"ಆಯ್ತು ಕಣವ್ವ."

"ತೋರ್ಸು."

"ಈಗ್ ಬ್ಯಾಡ. ಮುಡಿ ಆಗ್ತಿದ್ದಂಗೆ ನಾನೇ ಹಾಕ್ತೀನಿ."

ಮುಡಿ ತೆಗೆಯುವ ಕಡೆ ನಮ್ಮ ತಂಡದವರೆಲ್ಲ ಇದ್ದರು. ಗಂಡಸರೂ ಸಾಲಾಗಿ ಕೂತಿದ್ದರು, ಗೌರೀಶನೂ ತಲೆ ಬೋಳಿಸಿಕೊಂಡು ಎದ್ದ. ಚಿನ್ನು ಕಣ್ಣು ಮುಚ್ಚಿ ಕೂತಳು. ಜಡೆಗಳು ಒಂದೊಂದಾಗಿ ಅವಳ ಅವ್ವನ ಮಡಿಲಿಗೆ ಬಿದ್ದವು. ಅವಳು ಅಳಲಿಲ್ಲ. ತುಟಿ ಕಚ್ಚಿಕೊಂಡಿದ್ದಳು. ಕತ್ತಿ ನಿಂತಾಗ ಆ ಉದ್ದನೆಯ ಹುಡುಗಿ ಎಷ್ಟು ಚಿಕ್ಕದಾಗಿ ಕಂಡಳು ಅಂದರೆ, ನಾನು ಬೇರೆ ಕಡೆ ನೋಡಿದೆ.

ಅಂತರಗಂಗೆಯಲ್ಲಿ ಮಿಂದು ಬರುವ ತನಕವೂ ಅವನು ಕಾಯಲಿಲ್ಲ. ಅವನ ಮಾತು ಮುಡಿ ಆದ ತಕ್ಷಣ ಎಂದಲ್ಲವೆ. ಅಲ್ಲೇ, ಅಷ್ಟು ಜನರ ನಡುವೆ, ದಾರಿಯುದ್ದಕ್ಕೂ ಬಚ್ಚಿಟ್ಟಿದ್ದ ಟೋಪಿಯನ್ನು ಚೀಲದಿಂದ ತೆಗೆದು ಎತ್ತಿ ಹಿಡಿದ. "ಓಹೋ," ಅಂತ ಯಾರೋ ಅಂದರು. ಅಷ್ಟು ಚೆನ್ನಾಗಿತ್ತು. ಬಗ್ಗಿ ಮಗಳ ತಲೆಗೆ ಹಾಕಿದ.

ಟೋಪಿ ಹಣೆಯಲ್ಲಿ ನಿಲ್ಲಲಿಲ್ಲ. ಹುಬ್ಬು ದಾಟಿತು, ಕಣ್ಣು ದಾಟಿತು, ಮೂಗಿನ ಮೇಲೆ ಬಂದು ಕೂತಿತು. ಹುಡುಗಿಯ ಬಾಯಿ ಮಾತ್ರ ಹೊರಗೆ ಕಾಣುತ್ತಿತ್ತು. ಆ ಬಾಯಿ ಮೆಲ್ಲಗೆ ಅಂದಿತು: "ಅಪ್ಪ, ಏನೂ ಕಾಣ್ತಿಲ್ಲ."

ಅವನು ಮೇಲಕ್ಕೆ ಎತ್ತಿದ. ಬಿಟ್ಟ. ಮತ್ತೆ ಜಾರಿತು. ಇನ್ನೊಂದು ಸಲ ಎತ್ತಿದ.

ಗೌರೀಶ ಬೋಳು ತಲೆಯ ಮೇಲೆ ಅರಿಶಿನ ಸವರಿಕೊಳ್ಳುತ್ತಿದ್ದವನು ತಿರುಗಿ ನೋಡಿ, "ಲೇ ಲಾಮಾ, ಇದು ನಿನ್ ಮಗಳ ತಲೆಗಲ್ಲ ಕಣ್ಲಾ, ಮಾದಪ್ಪನ ಹುಲಿಗೇ ಸರಿ!" ಅಂದ.

ಇಡೀ ತಂಡ ನಕ್ಕಿತು. ಗುರುತಿಲ್ಲದವರೂ ನಕ್ಕರು. ಚಿಕ್ಕಬೀರಮ್ಮ ಮಾತ್ರ ನನ್ನ ಕೈ ಹಿಡಿದುಕೊಂಡಳು. ಅವಳ ಅಡಿಗೆಮನೆಯ ಮಾತು ಅಷ್ಟು ದೂರ ನಮ್ಮ ಜೊತೆಯೇ ನಡೆದು ಬಂದು ಆ ಮಗುವಿನ ಮುಂದೆ ನಿಂತಿತ್ತು. ನಾನು ನೆಲದಲ್ಲಿ ಬಿರುಕು ಇದೆಯಾ ಅಂತ ನೋಡಿದೆ.

ಚಿನ್ನು ಟೋಪಿ ಕಿತ್ತು ಅವನ ಎದೆಗೆ ಎಸೆದಳು. "ಸುಳ್ಳುಗಾರ," ಅಂದಳು. ಅವ್ವನ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಅವಳ ಹೊಟ್ಟೆಗೆ ಮುಖ ಒತ್ತಿ ಕೂತುಬಿಟ್ಟಳು. "ಸ್ಕೂಲಿಗೆ ಓಗಲ್ಲ. ಮನೇಗೂ ಬರಲ್ಲ."

ಪ್ರಿಯಾ ಗಂಡನನ್ನು ನೋಡಿದಳು. "ಅಳತೆ ತಗೊಂಡಿದ್ರಲ್ರೀ?"

ಅವನು ಮಣಿಕಟ್ಟಿನ ದಾರ ನೋಡಿದ. ಮಡಿಲಿನ ಜಡೆಗಳನ್ನು ನೋಡಿದ. ಆಗ ಅವನಿಗೂ ತಿಳಿಯಿತು, ನನಗೂ ತಿಳಿಯಿತು. ಸ್ಕೂಲಿಂದ ಬಂದ ಹುಡುಗಿಯ ತಲೆಗೆ ದಾರ ಸುತ್ತಿದ್ದು ಆ ಎರಡು ದಪ್ಪ ಜಡೆಯ ಮಡಿಕೆಯ ಮೇಲೆ, ರಿಬ್ಬನ್ನಿನ ಮೇಲೆ. ಹೋಗಲಿರುವ ಕೂದಲನ್ನೂ ಸೇರಿಸಿ ಅಳೆದಿದ್ದ. ನಾನು ತುರುಬಿನ ಮೇಲೆ ಹಾಕಿ ನೋಡಿ ಸರಿ ಅಂದಿದ್ದೆ. ದಾರಿಯಲ್ಲಿ ಅಷ್ಟು ಹೆಂಗಸರಿದ್ದೆವು, ಒಬ್ಬರಿಗೂ ಹೊಳೆಯಲಿಲ್ಲ.

ಅವನು ಯಾರ ಮುಖವನ್ನೂ ನೋಡದೆ ಟೋಪಿ ತೆಗೆದುಕೊಂಡು ಜನರ ನಡುವೆ ಹೋಗಿಬಿಟ್ಟ. ಸ್ನಾನ ಆಯಿತು, ದರ್ಶನ ಆಯಿತು, ಅವನು ಬರಲಿಲ್ಲ. ಚಿನ್ನು ಸೆರಗಿನೊಳಗೇ ದೇವರಿಗೆ ಕೈ ಮುಗಿದಳು.

ಹುಡುಕಿಕೊಂಡು ಹೋದೆ. ಎಲ್ಲಾದರೂ ಮೂಲೆಯಲ್ಲಿ ಬಚ್ಚಿಟ್ಟುಕೊಂಡಿರುತ್ತಾನೆ ಅಂದುಕೊಂಡಿದ್ದೆ. ಬಂಡೆಯ ಮರೆ, ಛತ್ರದ ಹಿಂಭಾಗ ಎಲ್ಲ ನೋಡಿದೆ. ಅವನಿದ್ದದ್ದು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ, ನಮ್ಮ ತಂಡದ ಗಂಟುಮೂಟೆಗಳ ನಟ್ಟನಡುವೆ. ನಂಜುಂಡಸ್ವಾಮಿ ಇದ್ದರು, ಗೌರೀಶ ಇದ್ದ, ಬೋಳು ತಲೆಯ ಗಂಡಸರೆಲ್ಲ ಪುರಿ ತಿನ್ನುತ್ತಾ ಕೂತಿದ್ದರು. ಅವರ ಕಣ್ಣೆದುರಿಗೇ ಇವನು ಟೋಪಿಯನ್ನು ಬಿಚ್ಚುತ್ತಿದ್ದ. ಕುಚ್ಚು ಆಗಲೇ ಹೋಗಿತ್ತು. ನೆತ್ತಿಯಿಂದ ಎಳೆದ ಹಾಗೆಲ್ಲ ನಕ್ಷತ್ರಗಳು ಒಂದೊಂದಾಗಿ ಕರಗಿ, ನೇರಳೆ ಒಂದು ಮಂಡಿಗೆ, ಬಿಳಿ ಇನ್ನೊಂದು ಮಂಡಿಗೆ ಸುತ್ತಿಕೊಳ್ಳುತ್ತಿದ್ದವು. ದಾರ ಸೊಟ್ಟಸೊಟ್ಟಗೆ, ಕುದಿಸಿದ ಶಾವಿಗೆಯ ಹಾಗೆ ಇತ್ತು. ಗಂಡಸರು ನೋಡಲೂ ಆಗದೆ, ಬಿಡಲೂ ಆಗದೆ ಕೂತಿದ್ದರು.

ನಾನು ಹತ್ತಿರ ಕೂತೆ. ಅವನ ಕಿವಿ ಇನ್ನೂ ಕೆಂಪಗಿತ್ತು. ನಾಚಿಕೆ ಹೋಗಿರಲಿಲ್ಲ. ನಾಚಿಕೆಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಬಿಚ್ಚುತ್ತಿದ್ದ.

"ನನಗೂ ಹೊಳೀಲಿಲ್ಲ ಕಣಪ್ಪ," ಅಂದೆ.

"ನೀವೇನ್ ಮಾಡೀರಿ ಅವ್ವ. ಅವಳ ಕೂದಲು ಇಲ್ದೇ ಇರೋ ತಲೇನ ನಾನು ಒಂದ್ಸಲಾನೂ ಮನಸ್ಸಲ್ಲಿ ನೋಡಿರ್ಲಿಲ್ಲ. ನೋಡೋಕೆ ಆಗ್ತಿರ್ಲಿಲ್ಲ. ಅದ್ಕೇ ಇಂಗಾಯ್ತು."

"ಮಡಚಿ ಪಿನ್ನು ಹಾಕಿದ್ರೆ?"

"ಪಿನ್ನು ಹಾಕಿದ್ ಟೋಪಿ ಹಾಕ್ಕೊಂಡ್ರೆ ಮೊಟಕೋರು ಮೊಟಕ್ತಾರೆ. ಸೋಮವಾರ ಸ್ಕೂಲು. ಬಸ್ಸಲ್ಲಿ ಕೂತು ಹೆಣೀತೀನಿ. ಯಾರ್ ನೋಡಿದ್ರೂ ನೋಡ್ಲಿ."

ಅದೇ ನನ್ನ ಕೊನೆಯ ನಡಿಗೆ. ಆಮೇಲೆ ಮಂಡಿ ಪೂರ್ತಿ ಹೋಯಿತು, ಡಾಕ್ಟರು ಮೆಟ್ಟಿಲೂ ಹತ್ತಬೇಡಿ ಅಂದರು. ಸಿದ್ದರಾಜುವನ್ನು ಮತ್ತೆ ನೋಡಿಲ್ಲ. ಅವನು ಈಗ ಮನೆಯಲ್ಲೇ ಹೆಣೆಯುತ್ತಾನೆ, ಆದರೆ ಬಾಗಿಲು ಹಾಕಿಕೊಂಡೇ ಅಂತ ಚಿಕ್ಕಬೀರಮ್ಮ ಫೋನಿನಲ್ಲಿ ಹೇಳುತ್ತಾಳೆ. ಅವನ ನೆನಪು ಬಂದಾಗ ನನಗೆ ಮೊದಲು ಬರುವುದು ಮೆಣಸಿನ ಘಾಟು.

ಅವನು ಟೋಪಿ ಬಿಚ್ಚುತ್ತಿದ್ದ ಆ ಹೊತ್ತು ಬಸ್ ಸ್ಟ್ಯಾಂಡಿನ ಆ ಕಡೆಯ ಬೆಂಚಿನಲ್ಲಿ ತಾಯಿ ಮಗಳು ಕೂತಿದ್ದರು. ಸೆರಗಿನ ಗುಡ್ಡೆಯ ಹಾಗೆ ಕಾಣುತ್ತಿದ್ದಳು ಚಿನ್ನು. ಅವನು ಆ ಕಡೆ ನೋಡಿದ. ಒಂದು ಸಲ ಎದ್ದು ಎರಡು ಹೆಜ್ಜೆ ಹೋದ. ಅವಳು ಮುಖ ತಿರುಗಿಸಿಕೊಂಡಳು. ವಾಪಸು ಬಂದು ಕೂತ. ಮಣಿಕಟ್ಟಿನಿಂದ ಅಳತೆಯ ನೂಲು ಬಿಚ್ಚಿದ. ಹಳೆಯ ಗಂಟನ್ನು ಹಲ್ಲಿನಿಂದ ಸಡಿಲಿಸಿ ತೆಗೆದ. ದಾರ ನೀವಿ ನೇರ ಮಾಡಿ ನನ್ನ ಅಂಗೈಯಲ್ಲಿ ಇಟ್ಟ.

"ಅವ್ವ, ನನ್ನನ್ನ ಅತ್ರಕ್ಕೆ ಸೇರ್ಸಲ್ಲ ಅವಳು. ನೀವು ಓಗಿ ಇನ್ನೊಂದ್ಸಲ ಅವಳ ತಲೆ ಅಳತೆ ತಂದ್ಕೊಡಿ."

ನಾನು ಎದ್ದೆ. ಅವನು ನನ್ನ ಸೆರಗಿನ ತುದಿ ಹಿಡಿದು ಮೆಲ್ಲಗೆ ಎಳೆದ, ಮಗು ಎಳೆಯುವ ಹಾಗೆ.

"ಬಿಗಿ ಇಡೀಬೇಡಿ ಅವ್ವ. ಈಗ್ತಾನೆ ಕತ್ತಿ ಆಡಿರೋ ತಲೆ, ನೋಯ್ತದೆ."